ವ್ಯೂರ್ಟೆಂಬರ್ಗ್‌ನ ಹಳೆಯ ಮಠಗಳು, ಚರ್ಚುಗಳು: ಐದು ದಿನಕ್ಕೆ ಯಾವುವನ್ನು ಆರಿಸಿಕೊಳ್ಳುವುದು?

ಕೈಸಾಲೆ ಕೇಳಿದ್ದು:

ಸೆಪ್ಟೆಂಬರ್ ಕೊನೆಯ ವಾರ ಸ್ಟುಟ್‌ಗಾರ್ಟ್‌ನಲ್ಲಿ ಐದು ದಿನ ಉಳಿಯುವ ಯೋಜನೆ. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಭಾಗದ ಹಳೆಯ ಕ್ರೈಸ್ತ ಮಠಗಳನ್ನೂ ಚರ್ಚುಗಳನ್ನೂ ನೋಡಬೇಕು. ಜೊತೆಯಲ್ಲಿ ಎಪ್ಪತ್ತರ ಆಸುಪಾಸಿನ ಇಬ್ಬರು ಹಿರಿಯರಿದ್ದಾರೆ. ನಿಧಾನವಾಗಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಹೆಚ್ಚಾದರೆ ಕಷ್ಟ. ನಾಲ್ಕು ದಿನ ರೈಲು ಮತ್ತು ಬಸ್ಸು, ಒಂದು ದಿನ ಬಾಡಿಗೆ ಕಾರು ಅಂದುಕೊಂಡಿದ್ದೇವೆ.

ಹುಡುಕಿದರೆ ನಲವತ್ತು ಹೆಸರಿನ ಪಟ್ಟಿ ಸಿಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅನ್ನುವುದು ಮಾತ್ರ ಎಲ್ಲೂ ಇಲ್ಲ. ತಿಳಿದವರು ಹೇಳಿ: ಒಂದೇ ಒಂದು ನೋಡುವುದಾದರೆ ಯಾವುದು? ಒಂದೊಂದಕ್ಕೆ ಎಷ್ಟು ಹೊತ್ತು ಬೇಕು? ಕನ್ನಡಕ್ಕೆ ದುಡಿದ ಮಿಷನರಿಗಳಾದ ಕಿಟ್ಟೆಲ್, ಮೊಗ್ಲಿಂಗ್ ಮುಂತಾದವರು ಈ ಕಡೆಯ ಮಠದ ಶಾಲೆಗಳಲ್ಲಿ ಓದಿದವರು ಎಂದು ಕೇಳಿದ್ದೇನೆ, ಅದು ನಿಜವಾದರೆ ಆ ಜಾಗಗಳನ್ನೂ ಸೇರಿಸಿಕೊಳ್ಳಬೇಕು.

---

ಮರಳುಗಲ್ಲು ಉತ್ತರ:

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಆ ನಲವತ್ತು ಹೆಸರುಗಳು ತಾವಾಗಿಯೇ ಎರಡು ಪಾಲಾಗುತ್ತವೆ.

ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆ ಡ್ಯೂಕ್‌ಗಳ ಆಳ್ವಿಕೆಯಲ್ಲಿತ್ತು. 1534ರಲ್ಲಿ ಡ್ಯೂಕ್ ಉಲ್ರಿಚ್ ಲೂಥರನ ಸುಧಾರಣೆಯನ್ನು, ಅಂದರೆ ಪ್ರಾಟೆಸ್ಟೆಂಟ್ ಪಂಥವನ್ನು, ಇಲ್ಲಿಗೆ ತಂದ. ಮಠಗಳಲ್ಲಿ ಸನ್ಯಾಸಿಗಳು ಉಳಿಯಲಿಲ್ಲ. ಅವನ ಮಗ ಕ್ರಿಸ್ಟೋಫ್ 1556ರಲ್ಲಿ ಹದಿಮೂರು ಮಠಗಳನ್ನು ಹುಡುಗರ ವಸತಿ ಶಾಲೆಗಳಾಗಿ ಮಾಡಿದ. ಪಾದ್ರಿಗಳಾಗುವವರಿಗೆ ಅಲ್ಲಿ ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದರು. ಶಾಲೆಗೆ ಮಲಗುವ ಕೋಣೆ, ಊಟದ ಮನೆ, ಅಡುಗೆಮನೆ ಎಲ್ಲ ಬೇಕಲ್ಲವೇ, ಹಾಗಾಗಿ ಮಧ್ಯಯುಗದ ಕಟ್ಟಡಗಳನ್ನು ಯಾರೂ ಕೆಡವಲಿಲ್ಲ. ಹೊಸದಾಗಿ ಕಟ್ಟುವಷ್ಟು ಹಣವನ್ನೂ ಯಾರೂ ಸುರಿಯಲಿಲ್ಲ. ಮೌಲ್‌ಬ್ರೊನ್, ಬೇಬೆನ್‌ಹೌಸನ್, ಬ್ಲೌಬಾಯ್ರನ್, ಆಲ್ಪಿರ್ಸ್‌ಬಾಖ್ ಈ ಪಾಲಿಗೆ ಸೇರಿದವು. ಡಾನ್ಯೂಬ್ ನದಿಯಿಂದ ದಕ್ಷಿಣಕ್ಕೆ ಇರುವ ಮೇಲಿನ ಶ್ವಾಬಿಯ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಅಲ್ಲಿನ ಶ್ರೀಮಂತ ಮಠಗಳು 18ನೇ ಶತಮಾನದಲ್ಲಿ ಹಳೆಯ ಚರ್ಚುಗಳನ್ನು ಬಿಚ್ಚಿಹಾಕಿ ಗಾರೆ, ಬಣ್ಣಗಳ ಆಡಂಬರದ ಬರೋಕ್ ಶೈಲಿಯಲ್ಲಿ ಹೊಸದಾಗಿ ಕಟ್ಟಿದವು. 1802–03ರಲ್ಲಿ ಸರ್ಕಾರಗಳು ಆ ಮಠಗಳನ್ನೂ ವಶಪಡಿಸಿಕೊಂಡವು. ಎರಡೂ ಪಾಲಿನಿಂದ ಕನಿಷ್ಠ ಒಂದೊಂದನ್ನು ನೋಡಿ.

ಒಂದೇ ಒಂದು ನೋಡುವುದಾದರೆ ಮೌಲ್‌ಬ್ರೊನ್, ಅದರಲ್ಲಿ ಎರಡು ಮಾತಿಲ್ಲ. 1147ರಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಈ ಕಣಿವೆಗೆ ಬಂದರು. ಚರ್ಚಿನ ಪ್ರತಿಷ್ಠೆ 1178ರಲ್ಲಿ ಆಯಿತು. ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ 1993ರಲ್ಲಿ ಸೇರಿತು. ಬೇರೆ ಕಡೆ ಚರ್ಚು ಉಳಿದಿದ್ದರೆ ಊಟದ ಮನೆ ಇರುವುದಿಲ್ಲ, ಊಟದ ಮನೆ ಇದ್ದರೆ ಕೊಟ್ಟಿಗೆ, ಗಿರಣಿ, ಸುತ್ತುಗೋಡೆ ಇರುವುದಿಲ್ಲ. ಇಲ್ಲಿ ಎಲ್ಲವೂ ಇದ್ದಲ್ಲೇ ಇವೆ.

ನೋಡುವ ಕ್ರಮ ಮುಖ್ಯ. ಟಿಕೆಟ್ ತೆಗೆದುಕೊಂಡ ತಕ್ಷಣ ಒಳಗೆ ಹೋಗಬೇಡಿ. ಮೊದಲು ಅಂಗಳದಲ್ಲಿ ನಿಂತು ಚರ್ಚಿನ ಮುಂದಿನ ಮೊಗಸಾಲೆಯನ್ನು ನೋಡಿ. ಅದಕ್ಕೆ 'ಪ್ಯಾರಡೈಸ್' ಎಂದು ಹೆಸರು, 1220ರ ಸುಮಾರಿನದು. ಅದರ ಹಿಂದಿನ ಚರ್ಚು ದಪ್ಪ ಗೋಡೆ, ಅರ್ಧವೃತ್ತದ ಕಮಾನುಗಳ ರೊಮನೆಸ್ಕ್ ಶೈಲಿಯದು. ಮೊಗಸಾಲೆಯಲ್ಲಿ ಛಾವಣಿಯ ಭಾರ ಕಲ್ಲಿನ ಪಕ್ಕೆಲುಬುಗಳ ಮೂಲಕ ತೆಳು ಕಂಬಗಳಿಗೆ ಇಳಿಯುತ್ತದೆ. ಗೋಥಿಕ್ ಶೈಲಿ ಜರ್ಮನಿಗೆ ಕಾಲಿಡುತ್ತಿದ್ದ ಹೊತ್ತು ಅದು. ಎರಡರ ನಡುವೆ ಅರ್ಧ ಶತಮಾನದ ಅಂತರವೂ ಇಲ್ಲ. ಈ ಒಂದು ಹೋಲಿಕೆ ಕಣ್ಣಿಗೆ ಹತ್ತಿದರೆ ಮುಂದಿನ ಎಲ್ಲ ಚರ್ಚುಗಳಲ್ಲೂ ಏನು ಹುಡುಕಬೇಕೆಂದು ತಿಳಿಯುತ್ತದೆ.

ಚರ್ಚಿನ ಒಳಗೆ ಅಡ್ಡಲಾಗಿ ಒಂದು ಕಲ್ಲಿನ ಗೋಡೆಯಿದೆ. ಪೂರ್ವದ ಅರ್ಧ ದೀಕ್ಷೆ ಪಡೆದ ಸನ್ಯಾಸಿಗಳಿಗೆ, ಪಶ್ಚಿಮದ ಅರ್ಧ ಹೊಲಗದ್ದೆ, ಕಮ್ಮಟ, ಗಿರಣಿಗಳಲ್ಲಿ ದುಡಿಯುತ್ತಿದ್ದ ಸಹೋದರರಿಗೆ. ಒಂದೇ ಚರ್ಚು, ಎರಡು ಸಭೆ. ಊಟದ ಮನೆಗಳೂ ಎರಡು, ಅಡುಗೆಮನೆ ನಡುವೆ. ಸನ್ಯಾಸಿಗಳ ಊಟದ ಮನೆಯಲ್ಲಿ ನಡುಸಾಲಿನ ಏಳು ಕಂಬಗಳನ್ನು ಗಮನಿಸಿ, ಒಂದು ದಪ್ಪ ಒಂದು ತೆಳು ಹೀಗೆ ಸರದಿಯಲ್ಲಿವೆ. ಅದರ ಎದುರಿಗೆ ಮೂರು ಬಟ್ಟಲಿನ ಕಾರಂಜಿಮನೆ, ಊಟಕ್ಕೆ ಮುಂಚೆ ಕೈ ತೊಳೆಯುವ ಜಾಗ. ಅಡ್ಡಗೋಡೆಯ ಮುಂದಿರುವ ದೊಡ್ಡ ಶಿಲುಬೆ ಮರದ್ದೆಂದು ತೋರುತ್ತದೆ. 1473ರಲ್ಲಿ ಒಂದೇ ಕಲ್ಲಿನಿಂದ ಕಡೆದದ್ದು ಅದು.

ಮೂರು ಗಂಟೆ ಇಡಿ. ಒಳಗೆ ನೆಲ ಬಹುಪಾಲು ಸಮ, ಅಲ್ಲಲ್ಲಿ ಎರಡು ಮೂರು ಮೆಟ್ಟಿಲು. ಹೊರಗಿನ ಅಂಗಳದ ಗುಂಡುಕಲ್ಲಿನ ಹಾಸು ಮಾತ್ರ ಮುಂಗಾಲಿಗೆ ನೋವು ಕೊಡುತ್ತದೆ, ಗಟ್ಟಿ ಅಡಿಯ ಶೂ ಬೇಕು. ಚಳಿಗಾಲದಲ್ಲಿ ಸೋಮವಾರ ರಜೆ, ನೀವು ಬರುವ ತಿಂಗಳಲ್ಲಿ ಆ ತೊಂದರೆ ಇಲ್ಲ. ಶಾಲೆ ಈಗಲೂ ನಡೆಯುತ್ತಿದೆ, ಆದ್ದರಿಂದ ಮುಚ್ಚಿದ ಬಾಗಿಲುಗಳನ್ನು ತಳ್ಳಬೇಡಿ. ಖಗೋಳಜ್ಞ ಕೆಪ್ಲರ್ 1586ರಿಂದ 89ರವರೆಗೆ ಇಲ್ಲಿ ಓದಿದವನು.

ಎರಡನೆಯದು ಬೇಬೆನ್‌ಹೌಸನ್, ಟ್ಯೂಬಿಂಗನ್‌ನಿಂದ 5 ಕಿ.ಮೀ. ಅದೇ ಪಂಥ, ಚಿಕ್ಕ ಮಠ, ಸುತ್ತ ಕಾಡು. ಸಿಸ್ಟರ್ಸಿಯನ್ನರು ಗೋಪುರ ಕಟ್ಟುವಂತಿರಲಿಲ್ಲ, ಛಾವಣಿಯ ಮೇಲೆ ಒಂದು ಪುಟ್ಟ ಗಂಟೆಗೂಡಿಗಷ್ಟೇ ಅನುಮತಿ. ಇಲ್ಲಿ 1407–09ರಲ್ಲಿ ಆ ಗಂಟೆಗೂಡನ್ನೇ ಕಲ್ಲಿನ ಜಾಲಂಧ್ರದಂತೆ ಕೊರೆದು ನಿಲ್ಲಿಸಿದ್ದಾರೆ. ನಿಯಮ ಮುರಿಯದೆ ಮಾಡಿದ ಆ ಕೆಲಸವನ್ನು ಕೈಸಾಲೆಯ (ಅಂಗಳದ ಸುತ್ತಲಿನ ಛಾವಣಿಯ ಹಾದಿಯ) ಒಳ ಅಂಗಳದಿಂದ ತಲೆಯೆತ್ತಿ ನೋಡಬೇಕು. 1335ರ ಬೇಸಿಗೆ ಊಟದ ಮನೆಯ ಛಾವಣಿ ಈ ಸೀಮೆಯಲ್ಲೇ ಅತ್ಯಂತ ಚೆಂದದ್ದು ಎಂಬುದು ನನ್ನ ಎಣಿಕೆ. ಪಕ್ಕದ ಅರಮನೆ ಭಾಗದಲ್ಲಿ ವ್ಯೂರ್ಟೆಂಬರ್ಗ್‌ನ ಕೊನೆಯ ರಾಜ ಎರಡನೆಯ ವಿಲ್ಹೆಲ್ಮ್ 1918ರಲ್ಲಿ ಪಟ್ಟ ಬಿಟ್ಟ ಮೇಲೆ ವಾಸವಿದ್ದ. ಅದಕ್ಕೆ ಬೇರೆ ಟಿಕೆಟ್, ಮಾರ್ಗದರ್ಶಿಯ ಜೊತೆ ಮಾತ್ರ ಪ್ರವೇಶ. ಸಮಯ ಕಡಿಮೆ ಇದ್ದರೆ ಅರಮನೆ ಬಿಡಿ, ಮಠ ಬಿಡಬೇಡಿ.

---

ಹಳೆಯಚ್ಚು ಉತ್ತರ:

ಕನ್ನಡದ ನಂಟಿನ ಬಗ್ಗೆ ಹೇಳುತ್ತೇನೆ. ಮೊದಲು ಒಂದು ತಿದ್ದುಪಡಿ: ಕಿಟ್ಟೆಲ್ ಈ ಸೀಮೆಯವರಲ್ಲ. ಅವರು ಜರ್ಮನಿಯ ಉತ್ತರದ ತುದಿಯಲ್ಲಿ, ಸಮುದ್ರದಂಚಿನ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. ಇಲ್ಲಿನ ಮಠದ ಶಾಲೆಗಳಲ್ಲಿ ಓದಿದವರೂ ಅಲ್ಲ. ಅವರ ಬದುಕಿನ ಕೊನೆಯ ಭಾಗ ಮಾತ್ರ ಟ್ಯೂಬಿಂಗನ್‌ಗೆ ಸೇರಿದ್ದು. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಆ ಊರಿನಲ್ಲೇ ತೀರಿಕೊಂಡರು.

ಮೊಗ್ಲಿಂಗ್ ಪಕ್ಕಾ ವ್ಯೂರ್ಟೆಂಬರ್ಗ್‌ನವರು. 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ ಜನನ, ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರದ ಓದು, 1843ರಲ್ಲಿ 'ಮಂಗಳೂರ ಸಮಾಚಾರ', 1881ರಲ್ಲಿ ಎಸ್ಲಿಂಗನ್‌ನಲ್ಲಿ ಮರಣ. ಇವರಿಬ್ಬರನ್ನೂ ಕಳಿಸಿದ ಬಾಸೆಲ್ ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡ್‌ನಲ್ಲಿ ಇದ್ದರೂ ಅದಕ್ಕೆ ಜನ ಬರುತ್ತಿದ್ದದ್ದು ಹೆಚ್ಚಾಗಿ ಈ ಸೀಮೆಯಿಂದಲೇ.

ಮಠದ ಶಾಲೆಯ ನಂಟು ನೇರವಾಗಿ ಇರುವುದು ಹರ್ಮನ್ ಗುಂಡರ್ಟ್ ಅವರಿಗೆ. ಮಲಯಾಳಂ ನಿಘಂಟಿನವರು ಎಂದೇ ಎಲ್ಲರೂ ಬಲ್ಲರು. ಆದರೆ 1838ರಲ್ಲಿ ಅವರು ಬಾಸೆಲ್ ಮಿಷನ್ ಸೇರಿದ್ದು ಮಂಗಳೂರಿನಲ್ಲಿ, ಮುಂದೆ ಮಲಬಾರ್ ಮತ್ತು ಕೆನರಾ ಎರಡಕ್ಕೂ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಅವರು ಮೌಲ್‌ಬ್ರೊನ್‌ನಲ್ಲಿ ಓದಿ, ಆಮೇಲೆ ಟ್ಯೂಬಿಂಗನ್‌ಗೆ ಹೋದವರು. ಅವರ ಮೊಮ್ಮಗ, ಸಾಹಿತಿ ಹರ್ಮನ್ ಹೆಸ್ಸೆಯನ್ನೂ 1891ರಲ್ಲಿ ಅದೇ ಮೌಲ್‌ಬ್ರೊನ್‌ಗೆ ಸೇರಿಸಿದ್ದರು. ಆ ಹುಡುಗ ಮರು ವರ್ಷ ಮಾರ್ಚಿನಲ್ಲಿ ಶಾಲೆಯಿಂದ ಓಡಿಹೋದ. ಹೆಸ್ಸೆಯ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ.

ಆದ್ದರಿಂದ ನಿಮ್ಮ ಎರಡನೆಯ ದಿನ ಟ್ಯೂಬಿಂಗನ್ ಮತ್ತು ಬೇಬೆನ್‌ಹೌಸನ್ ಒಟ್ಟಿಗೆ ಇರಲಿ. ಟ್ಯೂಬಿಂಗನ್‌ನಲ್ಲಿ ಎರಡು ಜಾಗ. ಒಂದು 'ಸ್ಟಿಫ್ಟ್', 1536ರಲ್ಲಿ ಶುರುವಾದ ದೇವತಾಶಾಸ್ತ್ರದ ವಿದ್ಯಾರ್ಥಿನಿಲಯ, ಆಮೇಲೆ ಅಗಸ್ಟಿನಿಯನ್ ಪಂಥದ ಹಳೆಯ ಮಠಕ್ಕೆ ಬಂದದ್ದು. ಕೆಪ್ಲರ್, ತತ್ವಜ್ಞಾನಿ ಹೆಗೆಲ್, ಕವಿ ಹೋಲ್ಡರ್ಲಿನ್ ಇಲ್ಲಿದ್ದವರು. ಈಗಲೂ ವಿದ್ಯಾರ್ಥಿಗಳು ಇರುವುದರಿಂದ ಅಂಗಳದವರೆಗೆ ಹೋಗಿ ಬಂದರೆ ಸಾಕು. ಇನ್ನೊಂದು ಗುಡ್ಡದ ಮೇಲಿನ ಸ್ಟಿಫ್ಟ್ಸ್‌ಕಿರ್ಶೆ ಚರ್ಚು. ಅದರ ಗರ್ಭಭಾಗದಲ್ಲಿ ಡ್ಯೂಕ್‌ಗಳ ಕಲ್ಲಿನ ಸಮಾಧಿಗಳು ಸಾಲಾಗಿವೆ. 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ ಎಬರ್‌ಹಾರ್ಡ್‌ನದೂ ಅಲ್ಲಿದೆ. ಆ ಭಾಗಕ್ಕೂ ಗೋಪುರಕ್ಕೂ ಸಣ್ಣ ಶುಲ್ಕವಿದೆ. ಹಿರಿಯರು ಗೋಪುರ ಹತ್ತುವುದು ಬೇಡ. ಹಳೆಯ ಊರಿನ ಬೀದಿಗಳೇ ಏರು, ರೈಲು ನಿಲ್ದಾಣದಿಂದ ಬಸ್ಸಿನಲ್ಲಿ ಮೇಲೆ ಹೋಗಿ ಇಳಿಜಾರಿನಲ್ಲಿ ನಡೆದು ಬನ್ನಿ.

ಮೂರನೆಯ ದಿನಕ್ಕೆ ಕಾಲ್ವ್ ಮತ್ತು ಹಿರ್ಸೌ. ಕಾಲ್ವ್ ಹೆಸ್ಸೆ ಹುಟ್ಟಿದ ಊರು. ಗುಂಡರ್ಟ್ ಭಾರತದಿಂದ ಮರಳಿದ ಮೇಲೆ ಇಲ್ಲೇ ನೆಲೆಸಿ 1893ರಲ್ಲಿ ತೀರಿಕೊಂಡರು. ಸೇತುವೆಯ ನಡುವೆ ನಿಂತ ಪುಟ್ಟ ನಿಕೊಲಾಸ್ ಗುಡಿ ನೋಡಿ. ಹಿರ್ಸೌ ಅಲ್ಲಿಂದ ಎರಡು ಮೂರು ಕಿ.ಮೀ., ನಾಗೋಲ್ಡ್ ಹೊಳೆಯ ಪಕ್ಕ. ಇಲ್ಲಿ ಎರಡು ಮಠಗಳಿದ್ದವು. ಹೊಳೆಯಂಚಿನ ಔರೇಲಿಯಸ್ ಮಠದ ಚರ್ಚು 1071ರದು. ಅದು ಇಕ್ಕಟ್ಟಾಗಿ, ಪ್ರವಾಹದ ಕಾಟವೂ ಸೇರಿದಾಗ ಮಠಾಧಿಪತಿ ವಿಲ್ಹೆಲ್ಮ್ ಎದುರು ದಡದ ಎತ್ತರದಲ್ಲಿ ಪೀಟರ್ ಮತ್ತು ಪೌಲ್ ಮಠವನ್ನು ಕಟ್ಟಿಸಿದ. ಅದರ ಚರ್ಚು 1091ರಲ್ಲಿ ಮುಗಿದಾಗ ಜರ್ಮನ್ ಸೀಮೆಯಲ್ಲೇ ಬಹಳ ದೊಡ್ಡ ಚರ್ಚುಗಳಲ್ಲಿ ಒಂದು. ಮಠದ ಬದುಕನ್ನು ಕಟ್ಟುನಿಟ್ಟು ಮಾಡುವ 'ಹಿರ್ಸೌ ಸುಧಾರಣೆ' ಇಲ್ಲಿಂದ ಹೊರಟು ನೂರಾರು ಮೈಲಿ ಹರಡಿತು. 1692ರಲ್ಲಿ ಫ್ರೆಂಚ್ ಸೈನ್ಯ ಸುಟ್ಟುಹಾಕಿತು. ಈಗ ಉಳಿದಿರುವುದು ಒಂಟಿ 'ಗೂಬೆ ಗೋಪುರ', ಕೈಸಾಲೆಯ ಕಿಟಕಿಗಳು, ಒಂದು ಇಡೀ ಗುಡಿ, ಹುಲ್ಲಿನ ನಡುವೆ ಅಡಿಪಾಯದ ಗುರುತುಗಳು. ಟಿಕೆಟ್ ಇಲ್ಲ, ಯಾವಾಗ ಬೇಕಾದರೂ ಒಳಗೆ ಹೋಗಬಹುದು. ಎರಡು ಗಂಟೆ ಸಾಕು. ಹೊರಡುವ ಮುಂಚೆ ಔರೇಲಿಯಸ್ ಚರ್ಚನ್ನು ಮರೆಯಬೇಡಿ. ಗಿಡ್ಡ ದಪ್ಪ ಕಂಬಗಳು, ಅವುಗಳ ಮೇಲೆ ದಿಂಬಿನಂಥ ಬೋದಿಗೆ, ಬೆಳಕು ತೀರ ಕಡಿಮೆ. ಐದು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಡಿ.

ಎಸ್ಲಿಂಗನ್‌ಗೆ ಅರ್ಧ ದಿನ ಸಿಕ್ಕರೆ ಸೇಂಟ್ ಡಯೊನಿಸ್ ಚರ್ಚಿನ ಹಳೆಯ ಬಣ್ಣದ ಗಾಜುಗಳನ್ನು ನೋಡಿ. ಅದರ ಎರಡು ಗೋಪುರಗಳನ್ನು ಮೇಲುಗಡೆ ಸೇತುವೆ ಕಟ್ಟಿ ಜೋಡಿಸಿದ್ದಾರೆ. ಸ್ಟುಟ್‌ಗಾರ್ಟ್‌ನಿಂದ ನಗರ ರೈಲಿನಲ್ಲಿ ಕಾಲು ಗಂಟೆ.

---

ಹಳಿಗುಂಟ ಉತ್ತರ:

ಜಾಗಗಳ ವಿಷಯ ಮೇಲಿನವರು ಹೇಳಿದ್ದಾರೆ. ಜನ ದಾರಿ ತಪ್ಪುವುದು ಪ್ರಯಾಣದಲ್ಲಿ, ಅದನ್ನು ನಾನು ಹೇಳುತ್ತೇನೆ.

ಮೌಲ್‌ಬ್ರೊನ್: ನಕ್ಷೆಯಲ್ಲಿ 'ಮೌಲ್‌ಬ್ರೊನ್ ವೆಸ್ಟ್' ಎಂಬ ರೈಲು ನಿಲ್ದಾಣ ಕಾಣುತ್ತದೆ, ಅದನ್ನು ನಂಬಿ ಇಳಿದರೆ ಮಠ ಸುಮಾರು 3 ಕಿ.ಮೀ. ದೂರ. ಅಲ್ಲಿಂದ ಊರೊಳಗೆ ಹೋಗುವ ಕವಲು ಹಳಿಯಲ್ಲಿ ರೈಲು ಓಡುವುದು ಬೇಸಿಗೆ ಕಾಲದ ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ. ವಾರದ ದಿನ ಹೋಗುವವರು ಕಾರ್ಲ್‌ಸ್ರೂಹೆ ಕಡೆಯ ಪ್ರಾದೇಶಿಕ ರೈಲಿನಲ್ಲಿ ಮ್ಯೂಲಾಕರ್‌ನಲ್ಲಿ ಇಳಿದು ನಿಲ್ದಾಣದ ಮುಂದೆ ಬಸ್ಸು ಹಿಡಿಯುವುದು ಸರಿ. ಶನಿವಾರ, ಭಾನುವಾರ ಬಸ್ಸುಗಳ ನಡುವಿನ ಅಂತರ ಹೆಚ್ಚು. ಮಠದ ಬಳಿ ಇಳಿದ ಕೂಡಲೇ ವಾಪಸು ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ.

ಟಿಕೆಟ್: ಮೂವರೂ ಒಟ್ಟಿಗೆ ಓಡಾಡುವುದರಿಂದ ಬಾಡೆನ್-ವ್ಯೂರ್ಟೆಂಬರ್ಗ್ ದಿನದ ಟಿಕೆಟ್ ಲಾಭ. ಒಂದೇ ಟಿಕೆಟಿನಲ್ಲಿ ಐದು ಜನರವರೆಗೆ ಹೋಗಬಹುದು, ತಲೆಗೆ ತಕ್ಕಂತೆ ಬೆಲೆ ಸ್ವಲ್ಪ ಏರುತ್ತದೆ. ಇದರಲ್ಲಿ ಎರಡು ಎಚ್ಚರಿಕೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರ ಮೇಲೆ ಮಾತ್ರ ಚಾಲ್ತಿ. 8.50ರ ರೈಲು ಹತ್ತಿದರೆ ಟಿಕೆಟ್ ಇಲ್ಲದವರ ದಂಡವೇ ಬೀಳುತ್ತದೆ. ಎರಡನೆಯದು, ಟಿಕೆಟಿನ ಮೇಲೆ ಹೆಸರು ಇರಬೇಕು, ಯಂತ್ರದಿಂದ ತೆಗೆದಾಗ ಪೆನ್ನಿನಲ್ಲಿ ನೀವೇ ಬರೆಯಬೇಕು. ಐಸಿಇ, ಐಸಿ ಎಂದಿರುವ ವೇಗದ ರೈಲುಗಳಿಗೆ ಇದು ನಡೆಯುವುದಿಲ್ಲ. ಡಾಯ್ಚ್‌ಲ್ಯಾಂಡ್ ಟಿಕೆಟ್ ಬಗ್ಗೆಯೂ ಕೇಳಿರಬಹುದು, 2026ರ ಜನವರಿಯಿಂದ ತಿಂಗಳಿಗೆ 63 ಯೂರೊ, ತಲೆಗೊಂದು ಬೇಕು. ಅದು ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ. ತಿಂಗಳ ಕೊನೆಯ ಐದು ದಿನಕ್ಕೆ ಬೇಡ.

ಸ್ಟುಟ್‌ಗಾರ್ಟ್ ಸುತ್ತ ರೈಲು ಕಾಮಗಾರಿ ವರ್ಷಗಳಿಂದ ನಡೆಯುತ್ತಿದೆ. ಫಲಕದಲ್ಲಿ 'ಎಸ್‌ಇವಿ' ಎಂಬ ಮೂರಕ್ಷರ ಕಂಡರೆ ರೈಲಿನ ಬದಲು ಬಸ್ಸು ಎಂದರ್ಥ. ಆ ಬಸ್ಸು ಪ್ಲಾಟ್‌ಫಾರ್ಮ್‌ಗೆ ಬರುವುದಿಲ್ಲ, ನಿಲ್ದಾಣದ ಹೊರಗಿನಿಂದ ಹೊರಡುತ್ತದೆ, ಗುರುತಿನ ಬಾಣಗಳನ್ನು ಅನುಸರಿಸಬೇಕು. ಹಿಂದಿನ ರಾತ್ರಿ ಆ್ಯಪಿನಲ್ಲಿ ನೋಡಿಕೊಂಡು, ಬದಲಿಸುವ ಕಡೆ ಕನಿಷ್ಠ 15 ನಿಮಿಷ ಇರುವ ಸಂಪರ್ಕವನ್ನೇ ಆರಿಸಿ. ಹಿರಿಯರ ಜೊತೆ 4 ನಿಮಿಷದ ಬದಲಾವಣೆ ಆಗದ ಮಾತು.

ಇನ್ನೊಂದು ವಿಷಯ: ಸೆಪ್ಟೆಂಬರ್ ಕೊನೆಗೆ ಸ್ಟುಟ್‌ಗಾರ್ಟ್‌ನ ಬಾಡ್ ಕಾನ್‌ಸ್ಟಾಟ್‌ನಲ್ಲಿ ದೊಡ್ಡ ಜಾತ್ರೆ ಶುರುವಾಗುತ್ತದೆ. ಹೋಟೆಲ್ ದರ ಏರುತ್ತದೆ, ಸಂಜೆಯ ರೈಲುಗಳು ತುಂಬುತ್ತವೆ. ಈಗಲೇ ಕೋಣೆ ಕಾಯ್ದಿರಿಸಿ. ಸಿಗದಿದ್ದರೆ ಟ್ಯೂಬಿಂಗನ್‌ನಲ್ಲಿ ಉಳಿದರೂ ಅನುಕೂಲವೇ.

---

ಗಾರೆಬಣ್ಣ ಉತ್ತರ:

ಕಾರಿನ ದಿನವನ್ನು ದಕ್ಷಿಣಕ್ಕೆ ಮೀಸಲಿಡಿ. ಬರೋಕ್ ಚರ್ಚುಗಳು ಚಿಕ್ಕ ಊರುಗಳಲ್ಲಿ ಚದುರಿವೆ, ಬಸ್ಸಿನಲ್ಲಿ ಒಂದೇ ದಿನ ಎರಡು ನೋಡುವುದೂ ಕಷ್ಟ. ಟ್ಸ್ವೀಫಾಲ್ಟನ್, ಸ್ಟೈನ್‌ಹೌಸನ್, ವೈನ್‌ಗಾರ್ಟನ್ ಈ ಕ್ರಮದಲ್ಲಿ ಹೋದರೆ ದಾರಿ ಸುತ್ತುವುದಿಲ್ಲ. ಮೂರಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ. ಬರೋಕ್ ಒಳಾಂಗಣ ಕಣ್ಣಿಗೆ ಬೇಗ ದಣಿವು ತರುತ್ತದೆ, ನಾಲ್ಕನೆಯದರಲ್ಲಿ ಏನು ನೋಡಿದೆವೆಂದೇ ನೆನಪಿರುವುದಿಲ್ಲ.

ಟ್ಸ್ವೀಫಾಲ್ಟನ್ ಬೆನೆಡಿಕ್ಟೈನ್ ಮಠ, 1089ರದು. ಈಗಿನ ಚರ್ಚು 18ನೇ ಶತಮಾನದ ನಡುಭಾಗದ್ದು, ವಾಸ್ತುಶಿಲ್ಪಿ ಯೋಹಾನ್ ಮಿಖಾಯೆಲ್ ಫಿಶರ್. ಛಾವಣಿಯ ಚಿತ್ರ ಸ್ಪೀಗ್ಲರ್‌ನದು, ಗಾರೆ ಕೆಲಸ ಫಾಯ್ಖ್ಟ್‌ಮಾಯರ್‌ನದು. ಕಂಬಗಳು ಅಮೃತಶಿಲೆಯಂತೆ ಹೊಳೆಯುತ್ತವೆ, ಆದರೆ ಅಮೃತಶಿಲೆಯಲ್ಲ. ಜಿಪ್ಸಮ್ ಪುಡಿಗೆ ಅಂಟಿನ ನೀರು ಮತ್ತು ಬಣ್ಣ ಹಾಕಿ ಕಣಕದಂತೆ ನಾದಿ, ಬೇರೆ ಬೇರೆ ಬಣ್ಣದ ಉಂಡೆಗಳನ್ನು ಒತ್ತಿ ಸೇರಿಸಿ, ಹೋಳು ಮಾಡಿ ಕಂಬಕ್ಕೆ ಮೆತ್ತಿ, ಒಣಗಿದ ಮೇಲೆ ಹಲವು ಸುತ್ತು ಉಜ್ಜಿ ಹೊಳಪು ತರುತ್ತಿದ್ದರು. ಆ ಕಾಲದಲ್ಲಿ ಇದು ಅಗ್ಗದ ನಕಲು ಅಲ್ಲವೇ ಅಲ್ಲ, ಕೂಲಿಯ ಲೆಕ್ಕದಲ್ಲಿ ದುಬಾರಿ ಕೆಲಸ. ಬೇಕಾದ ಬಣ್ಣ ಬೇಕಾದ ಕಡೆ ಬರಬೇಕೆಂದರೆ ಇದೊಂದೇ ದಾರಿಯಾಗಿತ್ತು. ತೇವ ತಗುಲಿದರೆ ಹೊಳಪು ಹೋಗಿ ಮಬ್ಬಾಗುತ್ತದೆ, ಕೈಯ ಬೆವರಿಗೂ ಹಾಗೇ, ಮುಟ್ಟಬೇಡಿ. ಚರ್ಚಿನ ನಡುವೆ ಕಬ್ಬಿಣದ ಜಾಲರಿ ಇದೆ. ಅದು ಮುಚ್ಚಿದ್ದರೂ ಅಲ್ಲಿ ನಿಂತೇ ಛಾವಣಿಯ ಬಹುಪಾಲು ಕಾಣುತ್ತದೆ. ಮಠದ ಕಟ್ಟಡಗಳಲ್ಲಿ 1812ರಿಂದ ಮಾನಸಿಕ ಆರೋಗ್ಯದ ಆಸ್ಪತ್ರೆಯಿದೆ, ಆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಸ್ಟೈನ್‌ಹೌಸನ್ ಹಳ್ಳಿಯ ಚರ್ಚು, 1728ರಿಂದ 33ರವರೆಗೆ ಸಿಮ್ಮರ್‌ಮನ್ ಸಹೋದರರು ಕಟ್ಟಿದ್ದು. ಅಣ್ಣತಮ್ಮಂದಿರಲ್ಲಿ ಡೊಮಿನಿಕಸ್ ಕಟ್ಟಿದವನು, ಯೋಹಾನ್ ಬಾಪ್ಟಿಸ್ಟ್ ಚಿತ್ರ ಬರೆದವನು. ಮೊಟ್ಟೆಯಾಕಾರದ ಒಳಾಂಗಣ, ಸುತ್ತ ಹತ್ತು ಕಂಬ, ಎಲ್ಲ ಕಡೆಯಿಂದ ಬೆಳಕು. ಕಿಟಕಿಗಳ ಸುತ್ತ ಗಾರೆಯಲ್ಲಿ ಮಾಡಿದ ಹಕ್ಕಿಗಳು, ಕೀಟಗಳು ಇವೆ, ಹಿರಿಯರಿಗೆ ಬೆಂಚಿನ ಮೇಲೆ ಕುಳಿತೇ ಹುಡುಕಲು ಹೇಳಿ. ಖರ್ಚು ಅಂದಾಜನ್ನು ಹಲವು ಪಟ್ಟು ಮೀರಿದ್ದರಿಂದ ಕಟ್ಟಿಸಿದ ಮಠಾಧಿಪತಿ ಪದವಿಯನ್ನೇ ಬಿಡಬೇಕಾಯಿತು. ಮಧ್ಯಾಹ್ನಕ್ಕೆ ಮುಂಚೆ ಹೋದರೆ ಬೆಳಕು ಚೆನ್ನ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು.

ವೈನ್‌ಗಾರ್ಟನ್ ಬಸಿಲಿಕಾ 1715ರಿಂದ 24ರವರೆಗೆ ಕಟ್ಟಿದ್ದು, ಗಾತ್ರದಲ್ಲೇ ಬೆರಗು. ಗಾಬ್ಲರ್ ಎಂಬ ಕುಶಲಕರ್ಮಿ 1737ರಿಂದ 1750ರವರೆಗೆ ಮಾಡಿದ ಆರ್ಗನ್ ವಾದ್ಯವನ್ನು ಪಶ್ಚಿಮದ ಕಿಟಕಿಗಳನ್ನು ಮುಚ್ಚದಂತೆ ಗೋಡೆಯ ಮೇಲೆ ಹರಡಿಸಿದ್ದಾನೆ. ಸಂಜೆ ಬೆಳಕು ಕೊಳವೆಗಳ ನಡುವಿನಿಂದ ಒಳಗೆ ಬರುತ್ತದೆ, ಅದಕ್ಕೇ ಇದನ್ನು ಕೊನೆಗೆ ಇಟ್ಟದ್ದು.

ಕಾರಿನ ಬಗ್ಗೆ ಮೂರು ಮಾತು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಭಾರತದಿಂದಲೇ ಮಾಡಿಸಿಕೊಂಡು ಬನ್ನಿ, ಇಲ್ಲಿ ಬಂದ ಮೇಲೆ ಸಿಗುವುದಿಲ್ಲ. ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು, ನೀವು ದೊಡ್ಡ ರಸ್ತೆಯಲ್ಲಿ ಇದ್ದೀರಿ ಅನ್ನಿಸಿದರೂ ನಿಲ್ಲಲೇಬೇಕು. ಪಾರ್ಕಿಂಗ್‌ನಲ್ಲಿ ನೀಲಿ ಗಡಿಯಾರದ ಚಿತ್ರ ಕಂಡರೆ ಕಾರಿನಲ್ಲಿರುವ ಕಾಗದದ ಬಿಲ್ಲೆಯನ್ನು ತಿರುಗಿಸಿ ಗಾಜಿನ ಹಿಂದೆ ಇಡಬೇಕು. ಬಂದ ಹೊತ್ತನ್ನು ಮುಂದಿನ ಅರ್ಧ ಗಂಟೆಗೆ ಏರಿಸಿ ಇಡುವುದು ನಿಯಮ: 10.10ಕ್ಕೆ ಬಂದರೆ 10.30.

ಉಳಿದ ಒಂದು ದಿನಕ್ಕೆ ಉಲ್ಮ್ ಮತ್ತು ಬ್ಲೌಬಾಯ್ರನ್, ರೈಲಿನಲ್ಲೇ ಆಗುತ್ತದೆ. ಉಲ್ಮ್ ಮಿನ್‌ಸ್ಟರ್‌ನ ಗೋಪುರ 161.53 ಮೀಟರ್, ಪೂರ್ತಿ ಹತ್ತಿದರೆ 768 ಮೆಟ್ಟಿಲು. ಹಿರಿಯರು ಕೆಳಗೇ ಇದ್ದು 1469ರಿಂದ 74ರವರೆಗೆ ಸಿರ್ಲಿನ್ ಕೆತ್ತಿದ ಮರದ ಆಸನಗಳನ್ನು ನೋಡಲಿ. ಅವುಗಳ ಅಂಚಿನಲ್ಲಿ ಸಂತರಲ್ಲ, ಪೈಥಾಗರಸ್, ಸಿಸೆರೊ ಮುಂತಾದ ಗ್ರೀಕ್-ರೋಮನ್ ಪಂಡಿತರ ಮುಖಗಳಿವೆ. ಇದು ಮಠದ್ದೂ ಅಲ್ಲ, ಬಿಷಪ್‌ನದೂ ಅಲ್ಲ, 1377ರಿಂದ ಊರಿನ ಜನ ತಮ್ಮ ಹಣದಿಂದ ಕಟ್ಟಿಕೊಂಡ ಚರ್ಚು. 1543ರಲ್ಲಿ ಕೆಲಸ ನಿಂತು 1844ರಲ್ಲಿ ಮತ್ತೆ ಶುರುವಾಗಿ 1890ರಲ್ಲಿ ಗೋಪುರ ಮುಗಿಯಿತು. ಬ್ಲೌಬಾಯ್ರನ್ ಉಲ್ಮ್‌ನಿಂದ ಕಾಲು ಗಂಟೆಯೊಳಗೆ. ನಿಲ್ದಾಣದಿಂದ ಮಠಕ್ಕೆ ಸಮತಟ್ಟು ದಾರಿ. 1493–94ರ ಮಡಚುವ ಬಾಗಿಲುಗಳ ಮರದ ಪೂಜಾವೇದಿಕೆ ಅಲ್ಲಿನ ಮುಖ್ಯ ವಸ್ತು. ನಡುವೆ ಮಾತೆ ಮರಿಯ, ಎರಡೂ ಪಕ್ಕ ಇಬ್ಬಿಬ್ಬರು ಸಂತರು, ಚಿನ್ನದ ಲೇಪ ಇನ್ನೂ ಮಾಸಿಲ್ಲ. ಸುಧಾರಣೆಯ ಕಾಲದಲ್ಲಿ ಉಲ್ಮ್‌ನಲ್ಲಿ ಇಂಥ ವೇದಿಕೆಗಳನ್ನು ಹತ್ತಾರು ಸಂಖ್ಯೆಯಲ್ಲಿ ಕಿತ್ತುಹಾಕಿದರು, ಇದು ಉಳಿದುಕೊಂಡಿತು. ಮಠದ ಹಿಂದೆಯೇ ಬ್ಲೌಟಾಪ್ಫ್ ಎಂಬ ಕಡುನೀಲಿ ನೀರಿನ ಬುಗ್ಗೆ, ಅದಕ್ಕೆ ಟಿಕೆಟ್ ಇಲ್ಲ.

---

ಕೈಸಾಲೆ:

ಎಲ್ಲರಿಗೂ ನಮಸ್ಕಾರ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಇನ್ನೆರಡು ಸಂದೇಹ. ಒಳಗೆ ಹೋಗುವಾಗ ಶೂ ಬಿಡಬೇಕೆ, ಪ್ರಾರ್ಥನೆ ನಡೆಯುತ್ತಿದ್ದರೆ ಏನು ಮಾಡಬೇಕು? ಹಿರಿಯರು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಇಂಥ ಚಿಕ್ಕ ಊರುಗಳಲ್ಲಿ ಊಟಕ್ಕೆ ಏನು?

---

ಮರಳುಗಲ್ಲು ಉತ್ತರ:

ಶೂ ಬಿಡಬೇಕಿಲ್ಲ, ಬಿಡಲೂ ಬೇಡಿ, ಕಲ್ಲಿನ ನೆಲ ಸೆಪ್ಟೆಂಬರಿನಲ್ಲೇ ಕೊರೆಯುತ್ತದೆ. ಗಂಡಸರು ಟೋಪಿ ತೆಗೆಯುತ್ತಾರೆ. ಹೊರಗೆ ಬಿಸಿಲಿದ್ದರೂ ಹಿರಿಯರ ಕೈಯಲ್ಲಿ ಒಂದು ಸ್ವೆಟರ್ ಇರಲಿ.

ಪ್ರಾರ್ಥನೆ ಶುರುವಾದ ಮೇಲೆ ಸುತ್ತಾಡುವಂತಿಲ್ಲ. ಭಾನುವಾರ ಬೆಳಿಗ್ಗೆ 9ರಿಂದ 11.30ರವರೆಗೆ ಯಾವ ಚರ್ಚನ್ನೂ ನೋಡುವ ಪಟ್ಟಿಗೆ ಹಾಕಬೇಡಿ. ಕುಳಿತು ಕೇಳುವ ಮನಸ್ಸಿದ್ದರೆ ಹಿಂದಿನ ಬೆಂಚಿನಲ್ಲಿ ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ, ಆದರೆ ಮುಗಿಯುವವರೆಗೆ ಕೂತಿರಬೇಕು. ಚರ್ಚು ಯಾವ ಪಂಥದ್ದು ಎಂದು ತಿಳಿಯಲು ಒಂದು ಗುರುತು: ವೇದಿಕೆಯ ಬಳಿ ಕೆಂಪು ದೀಪ ಸದಾ ಉರಿಯುತ್ತಿದ್ದರೆ, ಬಾಗಿಲ ಬಳಿ ಪವಿತ್ರ ಜಲದ ಬಟ್ಟಲಿದ್ದರೆ ಅದು ಕ್ಯಾಥೊಲಿಕ್. ಕ್ಯಾಥೊಲಿಕ್ ಪೂಜೆಯ ಕೊನೆಗೆ ರೊಟ್ಟಿ ಕೊಡಲು ಸಾಲು ನಿಲ್ಲಿಸುತ್ತಾರೆ. ಅದು ನಮ್ಮ ಪ್ರಸಾದದಂತೆ ಬಂದವರಿಗೆಲ್ಲ ಹಂಚುವಂಥದ್ದಲ್ಲ, ಅವರ ಸಭೆಯವರಿಗೆ ಮಾತ್ರ. ನೀವು ಬೆಂಚಿನಲ್ಲೇ ಇರಿ.

ಒಂದು, ಎರಡು ಯೂರೊ ಹಾಗೂ 50 ಸೆಂಟಿನ ನಾಣ್ಯಗಳನ್ನು ಇಟ್ಟುಕೊಳ್ಳಿ. ಮೇಣದಬತ್ತಿಗೆ, ಶೌಚಾಲಯಕ್ಕೆ, ಕೆಲವು ಕಡೆ ಒಳಗಿನ ದೀಪ ಹಾಕುವ ಪೆಟ್ಟಿಗೆಗೂ ಕಾರ್ಡ್ ನಡೆಯುವುದಿಲ್ಲ. ಫ್ಲಾಶ್ ಮತ್ತು ಸ್ಟ್ಯಾಂಡ್ ಬಳಸಬೇಡಿ. ಕಾರಂಜಿಯ ಮೇಲೆ 'ಕೈನ್ ಟ್ರಿಂಕ್‌ವಾಸರ್' ಎಂದು ಬರೆದಿದ್ದರೆ ಆ ನೀರು ಕುಡಿಯುವಂಥದ್ದಲ್ಲ.

---

ಗಾರೆಬಣ್ಣ ಉತ್ತರ:

ಊಟದಲ್ಲಿ ಎಡವುವುದು ಕಣ್ಣಿಗೆ ಕಾಣದ ಮಾಂಸದಿಂದ. ಮೌಲ್‌ಟಾಶನ್ ನೋಡಲು ಪಾಲಕ್ ತುಂಬಿದ ಕಡುಬಿನಂತೆ ಇರುತ್ತದೆ, ಒಳಗೆ ಅರೆದ ಮಾಂಸವಿದೆ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಮುಚ್ಚಿಟ್ಟದ್ದು ಮೌಲ್‌ಬ್ರೊನ್ ಸನ್ಯಾಸಿಗಳೇ ಎಂಬ ಐತಿಹ್ಯವೂ ಇದೆ. ಶ್ವಾಬಿಯದ ಆಲೂಗಡ್ಡೆ ಸಲಾಡನ್ನು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಕಲಸುತ್ತಾರೆ. ದೋಸೆಯ ಎಳೆಗಳನ್ನು ಹಾಕಿದ ಫ್ಲೇಡ್ಲೆ ಸೂಪ್ ಕೂಡ ಹಾಗೆಯೇ. ಬೇಳೆಯ ಪಲ್ಯದಲ್ಲಿ ಹಂದಿಮಾಂಸದ ಚೂರು ಇರುತ್ತದೆ. ಚೀಸ್ ಹಾಕಿದ ಶಾವಿಗೆ ಕೇಸ್‌ಶ್ಪೆಟ್ಸ್‌ಲೆ ಸಸ್ಯಾಹಾರಿ ಎಂದು ಬರೆದಿದ್ದರೂ ಆ ಶಾವಿಗೆಯನ್ನು ಮೊಟ್ಟೆ ಹಾಕಿಯೇ ಮಾಡುವುದು. ಕೆಲವು ಬೇಕರಿಗಳು ಬ್ರೆಟ್ಸೆಲ್‌ಗೆ (ಗಂಟು ಹಾಕಿದ ಬ್ರೆಡ್ಡು) ಹಂದಿಯ ಕೊಬ್ಬು ಹಾಕುತ್ತವೆ, ಕೇಳಿ ಕೊಳ್ಳಿ. ಮೊಟ್ಟೆಯೂ ಬೇಡವೆಂದರೆ ಸುಲಭದ ದಾರಿ ಮೆನುವಿನಲ್ಲಿ 'ವೇಗಾನ್' ಎಂಬ ಗುರುತು ನೋಡುವುದು.

ಚಿಕ್ಕ ಊರುಗಳಲ್ಲಿ ಅಡುಗೆಮನೆ ಮಧ್ಯಾಹ್ನ 2ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ 5.30ರ ಮೇಲೆ. ಭಾನುವಾರ ದಿನಸಿ ಅಂಗಡಿಯೂ ಇರುವುದಿಲ್ಲ. ಶನಿವಾರವೇ ಹಣ್ಣು, ಮೊಸರು, ಬ್ರೆಡ್ಡು ತಂದಿಟ್ಟುಕೊಳ್ಳಿ. ಕಾರಿನ ದಿನ ಚಿತ್ರಾನ್ನವೋ ಪುಳಿಯೋಗರೆಯೋ ಕಟ್ಟಿಕೊಂಡು ಹೋದರೆ ಒಳ್ಳೆಯದು, ಚರ್ಚುಗಳ ಹೊರಗೆ ಬೆಂಚುಗಳಿರುತ್ತವೆ.

---

ಹಳಿಗುಂಟ ಉತ್ತರ:

ದಿನಗಳ ಜೋಡಣೆ ಹೀಗಿರಲಿ: ಮಂಗಳವಾರ ಮೌಲ್‌ಬ್ರೊನ್, ಬುಧವಾರ ಟ್ಯೂಬಿಂಗನ್ ಮತ್ತು ಬೇಬೆನ್‌ಹೌಸನ್, ಗುರುವಾರ ಕಾಲ್ವ್ ಮತ್ತು ಹಿರ್ಸೌ, ಶುಕ್ರವಾರ ಕಾರು, ಶನಿವಾರ ಉಲ್ಮ್ ಮತ್ತು ಬ್ಲೌಬಾಯ್ರನ್. ಸೋಮವಾರದಿಂದ ಶುರು ಮಾಡಬೇಡಿ, ಅಂದು ಮುಚ್ಚಿರುವ ಜಾಗಗಳು ಹೆಚ್ಚು. ಶನಿವಾರ ಬೆಳಿಗ್ಗೆ ಉಲ್ಮ್ ಚರ್ಚಿನ ಮುಂದಿನ ಮೈದಾನದಲ್ಲೇ ಸಂತೆ ನಡೆಯುತ್ತದೆ, ಹಣ್ಣು ಕೊಳ್ಳಲು ಅನುಕೂಲ. ಮಳೆ ಬಂದರೆ ಗುರುವಾರವನ್ನೂ ಶನಿವಾರವನ್ನೂ ಅದಲುಬದಲು ಮಾಡಿಕೊಳ್ಳಿ. ಹಿರ್ಸೌನಲ್ಲಿ ತಲೆಯ ಮೇಲೆ ಛಾವಣಿ ಇಲ್ಲ, ಒದ್ದೆ ಹುಲ್ಲು ಜಾರುತ್ತದೆ.